ಫಲಕದ ಹಿಂದಿನ ನೀಲಿ

ಆಸನದ ದಿಂಬನ್ನು ಒಮ್ಮೆ ಎತ್ತಿ ನೋಡಿದ್ದರೆ ಸಾಕಿತ್ತು. ಅದಕ್ಕೆ ಉಪಕರಣ ಬೇಡ, ಪದವಿ ಬೇಡ; ಸ್ವಲ್ಪ ಬಗ್ಗುವ ಮನಸ್ಸಿದ್ದರೆ ಆಗುತ್ತಿತ್ತು. ನಮ್ಮ ಸಂಸ್ಥೆಯ ಮುಖ್ಯಸ್ಥರು ಬಗ್ಗಲಿಲ್ಲ. ಮುಂಬಯಿ ಗೋರೆಗಾಂವ್‌ನ ಒಂದು ಅಂಗಳದಲ್ಲಿ ನಿಂತಿದ್ದ ಹಳೆಯ ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ಹಿತ್ತಾಳೆಯ ಫಲಕವೊಂದಿತ್ತು. ಅದನ್ನು ಓದಿದರು, ನಾಲ್ಕಾರು ಫೋಟೊ ತೆಗೆದರು, ‘ಎರಡನೆಯ ಮಹಾಯುದ್ಧದ ಕಾಲದ ಅಮೆರಿಕನ್ ಸೇನಾ ಜೀಪು; ಅಸಲಿ’ ಎಂದು ವರದಿ ಬರೆದು ಸಹಿ ಹಾಕಿದರು. ಮುಂದೆ ಆ ಸಹಿಯನ್ನು ಉಳಿಸಿಕೊಳ್ಳಲು ಒಬ್ಬ ಮನುಷ್ಯನನ್ನು ಕಳ್ಳನನ್ನಾಗಿ ಮಾಡುವ ಹಂತಕ್ಕೆ ಎಲ್ಲರೂ ಬಂದು ನಿಂತರು. ಅದಕ್ಕೆ ಬೇಕಾದ ಪುರಾವೆ ಒದಗಿಸುವ ಕೆಲಸ ನನ್ನ ಪಾಲಿಗೆ ಬಂತು.

ನಮ್ಮ ಕಚೇರಿ ಇರುವುದು ಕಾಂದಿವಲಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ. ಹಳೆಯ ವಾಹನಗಳನ್ನು ಪರೀಕ್ಷಿಸಿ ಅವು ಯಾವುವು, ಯಾವ ಕಾಲದವು, ಅವುಗಳಲ್ಲಿ ಎಷ್ಟು ಪಾಲು ಮೂಲದ್ದು ಎಂದು ಹೇಳುವುದು ನಮ್ಮ ಉದ್ಯೋಗ. ಜೀಪಿನ ಮಾಲೀಕರು ಸಿನಿಮಾ ಚಿತ್ರೀಕರಣಗಳಿಗೆ ಹಳೆಯ ಗಾಡಿಗಳನ್ನು ಬಾಡಿಗೆಗೆ ಕೊಡುವವರು. ಉಡುಪಿ ಕಡೆಯವರು, ಬಹುಕಾಲ ಹೋಟೆಲು ನಡೆಸಿ, ಕೆಲವು ವರ್ಷಗಳ ಹಿಂದೆ ಗೋರೆಗಾಂವ್‌ನ ಈ ಅಂಗಳವನ್ನು ಅದರಲ್ಲಿದ್ದ ಗಾಡಿಗಳ ಸಮೇತ ಕೊಂಡಿದ್ದರು. ನಮ್ಮ ವರದಿಯನ್ನು ತೋರಿಸಿ ಜೀಪನ್ನು ಒಬ್ಬ ಸಂಗ್ರಾಹಕರಿಗೆ ಮಾರಲು ಮಾತಾಗಿತ್ತು. ಕೊಳ್ಳುವವರು ತಮ್ಮದೇ ಪರೀಕ್ಷಕನೊಬ್ಬನನ್ನು ಕಳಿಸಿದರು. ಆತ ಒಂದು ಸುತ್ತು ಹಾಕಿ, ಇದು ಯುದ್ಧದ ಜೀಪೇ ಅಲ್ಲವೆಂದು ಹೇಳಿ ಹೋದ.

ಉಳಿದದ್ದು ಎರಡೇ ಸಾಧ್ಯತೆ. ನಮ್ಮ ವರದಿ ತಪ್ಪು. ಇಲ್ಲವೆ ವರದಿಯಾದ ಮೇಲೆ ಯಾರೋ ಅಸಲಿ ಜೀಪನ್ನು ಸಾಗಿಸಿ ಅದರ ಜಾಗದಲ್ಲಿ ಬೇರೊಂದನ್ನು ನಿಲ್ಲಿಸಿದ್ದಾರೆ. ಎರಡನೆಯದು ಎಲ್ಲರಿಗೂ ಅನುಕೂಲವಾಗಿತ್ತು. ಕೀಲಿಕೈ ಇರುತ್ತಿದ್ದದ್ದು ಅಂಗಳದ ಚಾಲಕನ ಬಳಿ. ವಿಜಯಪುರದ ಕಡೆಯ ಮನುಷ್ಯ. ಹಿಂದಿನ ಮಾಲೀಕನ ಕಾಲದಿಂದಲೂ ಅಲ್ಲಿಯೇ ಗಾಡಿಗಳನ್ನು ನೋಡಿಕೊಂಡು, ಶೂಟಿಂಗಿಗೆ ಓಡಿಸಿಕೊಂಡು ಇದ್ದವರು. ಮಾಲೀಕರು ಅವರ ಮೇಲೆ ಠಾಣೆಗೆ ದೂರು ಕೊಟ್ಟರು. ಠಾಣೆಯವರು ಕರೆಸಿ ಹೇಳಿಕೆ ಪಡೆದು, ತಜ್ಞರ ಎರಡನೆಯ ವರದಿ ಬರಲಿ, ಆಮೇಲೆ ಮುಂದಿನ ಮಾತು ಎಂದು ಕಳಿಸಿದ್ದರು. ಆ ತಜ್ಞರು ನಾವೇ. ತಪ್ಪು ಮಾಡಿರಬಹುದಾದ ಸಂಸ್ಥೆಯೇ ತಾನು ತಪ್ಪು ಮಾಡಿದೆಯೇ ಎಂದು ತೀರ್ಮಾನಿಸಬೇಕಿತ್ತು. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣಲಿಲ್ಲ ಎಂಬುದೇ ನನಗೆ ಇಂದಿಗೂ ವಿಚಿತ್ರವಾಗಿ ಕಾಣುತ್ತದೆ.

“ಸಿಂಪಲ್ ಕೇಸ್ ಇದು,” ಎಂದರು ಮುಖ್ಯಸ್ಥರು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಅವರ ಕನ್ನಡ ಅರ್ಧ ದಾರಿಯಲ್ಲಿ ಹಿಂದಿಯ ಗಾಡಿ ಹತ್ತುತ್ತದೆ. “ನೀನು ಹೋಗಿ ನೋಡು, ವಾರ್ ಜೀಪ್ ಅಲ್ಲ ಅಂತ ಪಾಯಿಂಟ್ ಬೈ ಪಾಯಿಂಟ್ ಬರಿ. ಬಸ್. ಅಷ್ಟು ಪ್ರೂವ್ ಆದ್ರೆ ಬದಲಿ ಆಗಿದೆ ಅಂತ ಆಪ್ನೇ ಆಪ್ ಆಗ್ತದೆ.”

“ಮೊದಲಿನಿಂದಲೂ ಅದು ವಾರ್ ಜೀಪ್ ಆಗಿರದಿದ್ದರೆ?”

“ಅರೆ, ನಾನು ನೋಡಿದ್ದೀನಲ್ಲ ಯಾರ್.”

ವಿಶ್ವವಿದ್ಯಾಲಯದಲ್ಲಿ ನಮಗೆ ವರ್ಷಗಟ್ಟಲೆ ಕಲಿಸಿದ್ದು ಆಧಾರವನ್ನು ಪರಿಶೀಲಿಸುವ ಕ್ರಮವನ್ನು. ‘ನಾನು ನೋಡಿದ್ದೀನಲ್ಲ’ ಎಂಬುದು ಆಧಾರವೆಂದು ಯಾವ ತರಗತಿಯಲ್ಲೂ ಹೇಳಿರಲಿಲ್ಲ. ಆದರೆ ಆ ದಿನ ವಾದ ಮಾಡದೆ ಟಾರ್ಚು, ಹಲ್ಲುವೈದ್ಯರ ಕನ್ನಡಿ, ಅಳತೆಪಟ್ಟಿ, ಮರಳುಕಾಗದ ಚೀಲಕ್ಕೆ ಹಾಕಿಕೊಂಡು ಹೊರಟೆ.

ಅಂಗಳದಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು. ಎಂಜಿನ್ನೇ ಇಲ್ಲದ ಒಂದು ಅಂಬಾಸಿಡರ್, ಒಂದು ಬದಿಗೆ ಮಾತ್ರ ಬಣ್ಣ ಕಂಡ ಶಾಲಾ ಬಸ್ಸು, ಕಪ್ಪು ಹಳದಿಯ ಟ್ಯಾಕ್ಸಿಗಳು. ಈ ವ್ಯವಹಾರದಲ್ಲಿ ಒಂದು ರೂಢಿಯಿದೆ. ಚಿತ್ರೀಕರಣಕ್ಕೆ ಒಯ್ದ ಗಾಡಿಯನ್ನು ಕಲಾವಿಭಾಗದವರು ಬೇಕಾದಂತೆ ಕತ್ತರಿಸುತ್ತಾರೆ, ಬೆಸೆಯುತ್ತಾರೆ, ಬಣ್ಣ ಬಳಿಯುತ್ತಾರೆ. ಕೆಲಸ ಮುಗಿದ ಮೇಲೆ ಹಾಗೆಯೇ ಮರಳಿಸುತ್ತಾರೆ. ಹಳೆಯ ರೂಪಕ್ಕೆ ತರುವ ಪದ್ಧತಿಯೇ ಇಲ್ಲ. ಮುಂದಿನವರು ಅದರ ಮೇಲೆಯೇ ತಮ್ಮ ಬಣ್ಣ ಹೊಡೆಯುತ್ತಾರೆ. ಹೀಗಾಗಿ ಅಂಗಳದಲ್ಲಿ ಗಾಡಿಗಳನ್ನು ಕರೆಯುವುದು ಅವು ಕೊನೆಯ ಸಲ ಮಾಡಿದ ಪಾತ್ರದ ಹೆಸರಿನಿಂದ. ಬಸ್ಸಿನ ಹೆಸರು ‘ಸ್ಕೂಲ್’. ನನ್ನ ಜೀಪಿನ ಹೆಸರು ‘ಮಿಲಿಟರಿ’.

ಚಾಲಕರು ಅದರ ಪಕ್ಕದಲ್ಲೇ ಒಂದು ಟೈರಿನ ಮೇಲೆ ಕುಳಿತಿದ್ದರು. ಮಾಲೀಕರು ಕೀಲಿಕೈ ಕಸಿದುಕೊಂಡಿದ್ದರೂ ಅಂಗಳ ಬಿಟ್ಟು ಹೋಗದಂತೆ ಹೇಳಿದ್ದರಂತೆ.

“ನೀವೂ ಫೋಟೊ ತಗಿಯಾಕ ಬಂದೀರೇನ್ರಿ ಮೇಡಂ? ತಗೀರಿ. ನಂದೂ ಒಂದು ತಗೀರಿ, ಠಾಣೆದಾಗ ಬೇಕಾಗ್ತೈತಿ.”

“ಇದು ಅದೇ ಜೀಪಾ?” ಎಂದು ಕೇಳಿದೆ.

“ಅದ ಐತ್ರಿ. ಎಷ್ಟ ಸಲ ಹೇಳ್ಲಿ? ನಾ ಏನ್ ಜೀಪ್ ಕಿಸೆದಾಗ ಇಟ್ಕೊಂಡು ಊರಿಗೆ ಒಯ್ದೇನೇನು? ಲೋಕಲ್‌ನ್ಯಾಗ ನನಗ ನಿಂದ್ರಾಕ ಜಾಗ ಸಿಗಂಗಿಲ್ಲ, ಜೀಪ್ ಎಲ್ಲಿ ನಿಂದ್ರಸ್ಲಿ?”

“ಹಾಗಾದರೆ ಠಾಣೆಯಲ್ಲಿ ‘ಪೊಲೀಸ್ ಜೀಪು ಈಗ ಇಲ್ಲ’ ಅಂತ ಯಾಕೆ ಹೇಳಿದಿರಿ?”

“ಇಲ್ಲಲ್ರೀ ಮತ್ತ. ಮೊದಲ ಪೊಲೀಸ್ ಇತ್ತು. ಈಗ ಮಿಲಿಟರಿ ಆಗೇತಿ.”

ನನಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಅಂಗಳದಲ್ಲಿ ಎಷ್ಟು ಜೀಪುಗಳಿದ್ದವೆಂದು ಠಾಣೆಯಲ್ಲಿ ಕೇಳಿದಾಗ ಅವರು ರೂಢಿಯಂತೆ, ಒಂದು ಪೊಲೀಸ್ ಇತ್ತು, ಒಂದು ಮಿಲಿಟರಿ ಐತಿ ಎಂದಿದ್ದರು. ಎರಡು ಜೀಪುಗಳಿದ್ದವು, ಒಂದು ಕಾಣೆಯಾಗಿದೆ ಎಂದು ಠಾಣೆಯವರು ಅದನ್ನು ತಪ್ಪೊಪ್ಪಿಗೆಯ ಹಾಗೆ ಬರೆದುಕೊಂಡಿದ್ದರು. ಆಗ ಠಾಣೆಯಲ್ಲಿ ಪಕ್ಕದಲ್ಲೇ ನಿಂತಿದ್ದ ಮಾಲೀಕರಿಗೆ ಈ ರೂಢಿ ಚೆನ್ನಾಗಿ ಗೊತ್ತು. ಅವರೂ ತಿದ್ದಲಿಲ್ಲ.

“ಎಂತ ಮಾಡುದು ಮಾರಾಯ್ರೆ,” ಎಂದರು ಅವರು, ನಾನು ಕೇಳಿದಾಗ. “ನಾನು ಈ ಅಂಗಳ ತಗೊಳ್ಳುವಾಗಲೇ ಇದು ಮಿಲಿಟರಿ. ಅದಕ್ಕಿಂತ ಮೊದಲು ಪೊಲೀಸ್ ಇತ್ತೋ, ಪೋಸ್ಟ್‌ಮ್ಯಾನ್ ಇತ್ತೋ, ನನಗೆಂತ ಗೊತ್ತುಂಟು? ನಿಮ್ಮ ಸಾಹೇಬ್ರು ಅಸಲಿ ಅಂತ ಬರೆದು ಕೊಟ್ಟಿದ್ದಾರೆ. ಈಗ ಅದು ಅಸಲಿ ಅಲ್ಲ ಅಂತಾದರೆ ಯಾರೋ ತೆಗೆದಿದ್ದಾರೆ. ಲೆಕ್ಕ ಅಷ್ಟೇ ಅಲ್ವಾ?”

ನಾನು ಜೀಪಿನ ಕಡೆ ತಿರುಗಿದೆ. ಮನುಷ್ಯರಿಗಿಂತ ಅದರ ಜೊತೆ ಮಾತು ಸುಲಭವೆನಿಸಿತು.

ಮೊದಲು ದಿಂಬನ್ನು ಎತ್ತಿದೆ. ಯುದ್ಧಕಾಲದ ಜೀಪುಗಳಲ್ಲಿ ಇಂಧನ ತುಂಬುವ ಬಾಯಿ ಇರುವುದು ಆಸನದ ಕೆಳಗೇ; ದಿಂಬು ಎತ್ತಿ ಮುಚ್ಚಳ ತಿರುಗಿಸಬೇಕು. ಯುದ್ಧ ಮುಗಿದ ಮೇಲೆ ಸಾಮಾನ್ಯ ಜನರಿಗಾಗಿ ತಯಾರಾದ ಜೀಪುಗಳಲ್ಲಿ ಆ ಬಾಯನ್ನು ಮೈಯ ಹೊರಬದಿಗೆ ತಂದರು. ಇಲ್ಲಿ ದಿಂಬಿನ ಕೆಳಗೆ ಟ್ಯಾಂಕಿನ ಕೊಳವೆಯನ್ನು ಕತ್ತರಿಸಿ, ರಬ್ಬರ್ ತುಂಡು ಸಿಕ್ಕಿಸಿ, ಮೇಲಕ್ಕೆ ಬಗ್ಗಿಸಿದ್ದರು. ಹೊರಮೈಯಲ್ಲಿ ಅದೇ ಎತ್ತರಕ್ಕೆ ಅಂಗೈಯಗಲದ ದುಂಡು ತೇಪೆ. ಬಣ್ಣದ ಕೆಳಗೂ ಬೆರಳಿಗೆ ಸಿಗುತ್ತಿತ್ತು. ಹಿಂಬದಿಯ ಗೋಡೆ ಯುದ್ಧದ ಜೀಪಿನಂತೆ ಒಂದೇ ಹಾಳೆಯಾಗಿ ಕಂಡರೂ ಒಳಗಿನಿಂದ ಕನ್ನಡಿ ಹಿಡಿದಾಗ ಕೆಳಗೆ ಇಳಿಬಾಗಿಲಿನ ಕೀಲುಗಳು ಹಾಗೆಯೇ ಇದ್ದವು. ಬಾಗಿಲನ್ನು ಬೆಸೆದು ಮುಚ್ಚಿದ್ದರು. ಯುದ್ಧದ ಜೀಪಿನ ಮುಂದೀಪಗಳನ್ನು ಒಳಮುಖವಾಗಿ ಮಗುಚಿ ಎಂಜಿನ್ನಿನ ಮೇಲೆ ಬೆಳಕು ಬೀಳಿಸಬಹುದು. ಇವು ಅಲ್ಲಾಡಲಿಲ್ಲ. ಮುಂದಿನ ಜಾಲರಿಯ ಸೀಳುಗಳ ಅಂಚಿನಲ್ಲಿ ಗ್ರೈಂಡರಿನ ಗೀರುಗಳಿದ್ದವು; ಕೆಲವನ್ನು ಆಮೇಲೆ ಕೊರೆದಿದ್ದರು.

ಕೊನೆಯದಾಗಿ ಜೀಪಿನ ಕೆಳಗೆ ತೂರಿ ಬೆನ್ನ ಮೇಲೆ ಮಲಗಿದೆ. ಆ ಸೇನಾ ಜೀಪುಗಳ ಚುಕ್ಕಾಣಿ ಎಡಕ್ಕೆ. ಇದರ ಚುಕ್ಕಾಣಿಯೂ ಈಗ ಎಡಕ್ಕಿತ್ತು. ಆದರೆ ಚಾಸಿಯ ಬಲದಂಡದಲ್ಲಿ ಸ್ಟೇರಿಂಗ್ ಪೆಟ್ಟಿಗೆ ಕೂರಿಸಿದ್ದ ಬೋಲ್ಟುಗಳ ತೂತುಗಳು ಖಾಲಿಯಿದ್ದವು. ವರ್ಷಗಟ್ಟಲೆ ತಿಕ್ಕಿ ಅವುಗಳ ಸುತ್ತಲಿನ ಕಬ್ಬಿಣ ಸವೆದು ನಯವಾಗಿತ್ತು. ಅಂದರೆ ಇದು ಹುಟ್ಟಿನಿಂದ ಬಲಗೈ ಗಾಡಿ. ಗಾಜಿನ ಚೌಕಟ್ಟು ಎರಡು ಹೋಳಿನದು, ಎಂಜಿನ್ ಹಿಂದಿನ ಗೋಡೆ ತಗ್ಗಿನದು. ಇವೆರಡೂ ನಂತರದ ಮಾದರಿಗಳಲ್ಲಿ ಹೀಗಿರುವುದಿಲ್ಲ. ಎಲ್ಲವನ್ನೂ ಕೂಡಿಸಿದರೆ ಒಂದೇ ಉತ್ತರ: ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬಿಡಿಭಾಗಗಳಾಗಿ ಹಡಗಿನಲ್ಲಿ ಬಂದು, ಇದೇ ಊರಿನ ಬಂದರಿನ ಮಗ್ಗುಲಲ್ಲಿ ಜೋಡಣೆಗೊಂಡ ಮೊದಮೊದಲ ನಾಗರಿಕ ಜೀಪುಗಳಲ್ಲಿ ಇದೂ ಒಂದು. ಅದರ ಜಾತಿಯಲ್ಲಿ ಅದೇ ಅಪರೂಪ. ಆದರೆ ಅದನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಜೀಪಿನ ಕೆಳಗಿನಿಂದ ಎದ್ದು ಬಂದಾಗಲೇ ನನಗೆ ಹೊಳೆದದ್ದು, ನಾನು ಮಾಡುತ್ತಿರುವ ಕೆಲಸ ಎಂಥದೆಂದು. ಇದು ಯುದ್ಧದ ಜೀಪಲ್ಲವೆಂದು ಎಷ್ಟು ಖಚಿತವಾಗಿ ತೋರಿಸುತ್ತೇನೋ ಚಾಲಕರು ಅಷ್ಟು ಖಚಿತವಾಗಿ ಅಪರಾಧಿಯಾಗುತ್ತಿದ್ದರು. ನನ್ನ ಒಂದೊಂದು ಅಂಶವೂ ಅವರ ಕೈಗೆ ಒಂದೊಂದು ಬೇಡಿ. ಇದು ಏನು ಎಂಬ ಪ್ರಶ್ನೆಯ ಜೊತೆಗೆ ಇದು ಅದೇ ಹೌದೇ ಎಂಬ ಪ್ರಶ್ನೆಗೂ ಉತ್ತರ ಬೇಕಿತ್ತು. ಅದನ್ನು ನನ್ನಿಂದ ಯಾರೂ ಕೇಳಿರಲಿಲ್ಲ.

ಅದಕ್ಕೆ ಇದ್ದ ಒಂದೇ ದಾರಿ ಮೊದಲ ಪರೀಕ್ಷೆಯ ಫೋಟೊಗಳು. ವರದಿಯಲ್ಲಿ ಅವು ಅಂಚೆಚೀಟಿಯಷ್ಟು ಚಿಕ್ಕವು. ಮೂಲಗಳನ್ನು ಕೇಳಿದಾಗ ಮುಖ್ಯಸ್ಥರು, “ಯಾಕೆ ಹಳೇದು ಕೆದಕ್ತೀಯಾ?” ಎಂದರು. ಕೊಡುವುದಿಲ್ಲವೆಂದು ಮಾತ್ರ ಹೇಳಲಿಲ್ಲ. ಕಚೇರಿಯ ಕಂಪ್ಯೂಟರಿನಲ್ಲಿ ನಾನೇ ಹುಡುಕಿ ತೆಗೆದೆ. ದೊಡ್ಡದಾಗಿಸಿ ನೋಡಿದೆ. ಹಳೆಯ ಚಿತ್ರದಲ್ಲಿ ಬಾನೆಟ್ಟಿನ ಮೇಲಿನ ಬಿಳಿ ನಕ್ಷತ್ರದ ಒಂದು ಮೊನೆ ಸವೆದಿತ್ತು. ನಾನು ನೋಡಿ ಬಂದ ಜೀಪಿನ ನಕ್ಷತ್ರ ಪೂರ್ತಿಯಾಗಿತ್ತು, ಬಾನೆಟ್ಟಿನ ಏಣುಗಳೂ ಬೇರೆ. ಆ ರಾತ್ರಿಯವರೆಗೆ ನಾನು ನಂಬಿದ್ದ ಮನುಷ್ಯ ಸುಳ್ಳು ಹೇಳುತ್ತಿದ್ದಾರೆಯೇ?

ಮರುದಿನ ಮುಲುಂಡಿನ ಮನೆಯಿಂದ ಹೊರಟು, ದಾದರಿನಲ್ಲಿ ಲೋಕಲ್ ಬದಲಿಸಿ, ಗೋರೆಗಾಂವ್ ತಲುಪುವವರೆಗೂ ಅವರ ಮೇಲೆ ಕೋಪ. ಫೋಟೊವನ್ನು ಚಾಲಕರ ಮುಂದೆ ಹಿಡಿದೆ.

“ಬಾನೆಟ್ ಬ್ಯಾರೆ ಐತ್ರಿ,” ಎಂದರು. “ನಿಮ್ಮ ಸಾಹೇಬ್ರು ನೋಡಿ ಹೋದ ಮ್ಯಾಲೆ ಶೂಟಿಂಗಿನ್ಯಾಗ ಲೈಟಿನ ಸ್ಟ್ಯಾಂಡ್ ಬಿತ್ತು, ನೆಗ್ಗಿ ಹೋತು. ಸಿನಿಮಾದವ್ರ ಬ್ಯಾರೆದು ತಂದು ಕುಂದ್ರಸಿದ್ರು. ಶೇಠ್‌ಗೆ ಹೇಳಬ್ಯಾಡ ಅಂದ್ರು.”

“ಈ ಮಾತನ್ನು ಮೊದಲೇ ಯಾಕೆ ಹೇಳಲಿಲ್ಲ?”

“ಹೇಳಿದ್ರ ಏನ್ ಅಂತಿದ್ರು? ಬಾನೆಟ್ ಬದ್ಲಿ ಮಾಡಿದಾಂವ ಜೀಪೂ ಬದ್ಲಿ ಮಾಡ್ಯಾನ ಅಂತಿದ್ರು.”

ಅದು ನಿಜವೇ ಆಗಿತ್ತು. ಆದರೂ ಅವರ ಮೇಲೆ ರೇಗಿದೆ. ಇಂಥ ಮೌನವೇ ನಿಮ್ಮನ್ನು ಮುಳುಗಿಸುತ್ತಿದೆ ಎಂದೆ. “ಮಾತಾಡಿದ್ದೂ ಮುಳುಗಿಸೇತಲ್ರಿ,” ಎಂದು ಅವರು ನನ್ನ ಬಾಯಿ ಮುಚ್ಚಿಸಿದರು. ಪೊಲೀಸ್, ಮಿಲಿಟರಿ ಎಂದು ಠಾಣೆಯಲ್ಲಿ ಹೇಳಿದ್ದನ್ನು ನೆನಪಿಸುತ್ತಿದ್ದರು.

ಆದರೆ ಬಾನೆಟ್ ಒಂದು ಪಾಠ ಕಲಿಸಿತು. ಸ್ಪಾನರ್ ಹಿಡಿದು ಬಿಚ್ಚಬಹುದಾದ ಯಾವುದೂ ಗುರುತಾಗಲಾರದು. ಜಾಲರಿ, ದೀಪ, ಗಾಲಿ ಎಲ್ಲವನ್ನೂ ಹೊರಗಿಡಬೇಕು. ಬಿಚ್ಚಲಾಗದ್ದು, ಒಯ್ಯಲಾಗದ್ದು ಮಾತ್ರ ಸಾಕ್ಷಿ. ಚಕ್ರದ ಮೇಲಿನ ಕಮಾನಿನಲ್ಲಿ ಮರಳುಕಾಗದದಿಂದ ಬಣ್ಣವನ್ನು ಪದರ ಪದರವಾಗಿ ಉಜ್ಜಿ ಒಂದು ಪುಟ್ಟ ಕಿಟಕಿ ತೆರೆದೆ. ಮೇಲೆ ಸೇನೆಯ ಹಸಿರು. ಕೆಳಗೆ ಪೊಲೀಸ್ ವಾಹನದ ಕಡುನೀಲಿ. ಅದರ ಕೆಳಗೆ ಖಾಕಿ, ಕೆಂಪು, ಕಟ್ಟಕಡೆಗೆ ಬೂದು. ಮರದ ಕಾಂಡದ ಉಂಗುರಗಳಂತೆ ಸಿನಿಮಾಗಳು ಒಂದರೊಳಗೊಂದು ಕುಳಿತಿದ್ದವು. ಫೋನಿನಲ್ಲಿ ಮುಖ್ಯಸ್ಥರಿಗೆ ವಿವರಿಸಿದೆ.

“ಅದರಿಂದ ಏನಾಯ್ತು? ಅದೇ ಅಂಗಳದ ಇನ್ನೊಂದು ಗಾಡಿ ತಂದು ನಿಲ್ಲಿಸಿದ್ದಾನೆ. ಅದರ ಮೇಲೂ ನೀಲಿ ಇರ್ತದೆ,” ಎಂದರು. ಸಿಟ್ಟು ಬಂದರೂ ಒಪ್ಪಲೇಬೇಕಾದ ತಕರಾರು.

ಉಳಿದದ್ದು ಆ ಹಿತ್ತಾಳೆಯ ಫಲಕ. ಅದು ನಕಲಿಯೆಂದು ನನಗೆ ಆಗಲೇ ಸಂಶಯವಿತ್ತು. ಕಾರ್ಖಾನೆಯಲ್ಲಿ ಅಕ್ಷರಗಳನ್ನು ಮೊದಲೇ ಮೂಡಿಸಿ, ಪ್ರತಿ ಗಾಡಿಯ ಸಂಖ್ಯೆಯನ್ನು ಆಮೇಲೆ ಒಂದೊಂದಾಗಿ ಗುದ್ದುತ್ತಿದ್ದರು; ಆದ್ದರಿಂದ ಅಂಕಿಗಳು ಆಳವಾಗಿ, ಸ್ವಲ್ಪ ಸೊಟ್ಟಗಿರುತ್ತವೆ. ಇಲ್ಲಿ ಅಂಕಿಗಳೂ ಅಕ್ಷರಗಳೂ ಒಂದೇ ಆಳದಲ್ಲಿ, ಒಂದೇ ಸಲಕ್ಕೆ ಮೂಡಿದ್ದವು. ಇಬ್ಬರು ಮೂವರು ಕಲಾನಿರ್ದೇಶಕರಿಗೆ ಫೋನ್ ಮಾಡಿ ವಿಚಾರಿಸಿದೆ. “ಪ್ಲೇಟ್ ತೋ ಹರ್ ವಾರ್ ಪಿಕ್ಚರ್ ಮೇ ಬನಾತೇ ಹೈ ಮೇಡಂ, ಆಪ್ ಕೌನ್ಸಾ ಪೂಛ್ ರಹೀ ಹೋ?” ಎಂದು ಒಬ್ಬರು ನಕ್ಕರು. ಪ್ರತಿ ಯುದ್ಧದ ಚಿತ್ರಕ್ಕೂ ಮಾಡಿಸುತ್ತಾರಂತೆ, ಯಾವುದೆಂದು ಹೇಳುವುದು? ಉಳಿದವರಿಗೆ ಜೀಪೇ ನೆನಪಿರಲಿಲ್ಲ.

ಫಲಕದ ವಿಷಯ ತಿಳಿಸಿದ ಕೂಡಲೇ ಮುಖ್ಯಸ್ಥರ ದನಿ ಗೆಲುವಾಯಿತು. “ನೋಡು, ಅವನೇ ಡುಪ್ಲಿಕೇಟ್ ಮಾಡಿಸಿದ್ದಾನೆ. ಅಸಲಿ ಪ್ಲೇಟ್ ಅಸಲಿ ಜೀಪಿನ ಜೊತೆ ಹೋಗಿದೆ. ನೀನು ಒಂದು ಕೆಲಸ ಮಾಡು, ಅದನ್ನ ಬಿಚ್ಚಿ ಆಫೀಸಿಗೆ ತಗೊಂಡು ಬಾ. ಲ್ಯಾಬಿಗೆ ಕಳಿಸೋಣ.”

ಆಜ್ಞೆ ಸಕ್ರಮವಾಗಿತ್ತು. ನಾನು ಸ್ಕ್ರೂಡ್ರೈವರ್ ತೆಗೆದು ಫಲಕದ ಮೇಲ್ತುದಿಯ ತಿರುಪಿಗೆ ಆನಿಸಿದೆ, ಒತ್ತಿದೆ. ತಿರುಪಿನ ತಲೆಯ ಮೇಲಿದ್ದ ಹಸಿರು ಬಣ್ಣ ಸಣ್ಣಗೆ ಚಿಟಿಕೆ ಹೊಡೆದಂತೆ ಬಿರಿಯಿತು. ಬೆಳಕಿಗೆಂದು ಟಾರ್ಚನ್ನು ಓರೆಯಾಗಿ ಹಿಡಿದಿದ್ದೆ. ಆಗ ಕಂಡಿತು: ಫಲಕದ ಎಡ ಕೆಳಮೂಲೆಯಿಂದ ಒಂದು ತೊಟ್ಟು ಹಸಿರು ಬಣ್ಣ ಜಾರಿ, ಹಿತ್ತಾಳೆಯ ಅಂಚನ್ನು ದಾಟಿ, ಡ್ಯಾಶ್‌ಬೋರ್ಡಿನ ಮೇಲೆ ಬೆರಳುದ್ದ ಹರಿದು, ಕೊನೆಯಲ್ಲಿ ಕೊಕ್ಕೆಯ ಹಾಗೆ ಬಾಗಿ ಒಣಗಿತ್ತು. ಯಾವನೋ ಅವಸರದ ಪೇಂಟರ್ ಫಲಕದ ಸುತ್ತ ಕುಂಚ ಆಡಿಸುವಾಗ ಬಿಟ್ಟದ್ದು. ಒರೆಸಬೇಕೆಂದು ಅವನಿಗೆ ಅನಿಸಿರಲಿಲ್ಲ.

ಕೈ ನಿಂತಿತು. ಫೋನಿನಲ್ಲಿ ಹಳೆಯ ಫೋಟೊ ತೆರೆದೆ. ಮುಖ್ಯಸ್ಥರು ಬೇರೇನನ್ನೂ ನೋಡದಿದ್ದರೂ ಫಲಕವನ್ನು ಮಾತ್ರ ಹತ್ತಿರದಿಂದ ತೆಗೆದಿದ್ದರು. ಎಡ ಕೆಳಮೂಲೆಯಲ್ಲಿ ಅದೇ ತೊಟ್ಟು. ಅದೇ ಉದ್ದ, ಅದೇ ಕೊಕ್ಕೆ.

ಫಲಕವನ್ನು ಒಯ್ಯಬಹುದು, ಡ್ಯಾಶ್‌ಬೋರ್ಡನ್ನೂ ಕತ್ತರಿಸಿ ಒಯ್ಯಬಹುದೇನೋ, ಆದರೆ ಎರಡರ ನಡುವೆ ಮುರಿಯದೆ ಹರಿದು ಒಣಗಿದ ಬಣ್ಣದ ಗೆರೆಯನ್ನು ಒಯ್ಯಲಾಗದು. ಫಲಕ ಒಮ್ಮೆ ಕದಲಿದ್ದರೂ ಅದು ಅಂಚಿನಲ್ಲಿ ಸೀಳಿರಬೇಕಿತ್ತು. ಸೀಳಿರಲಿಲ್ಲ. ನಮ್ಮ ಮುಖ್ಯಸ್ಥರು ನೋಡಿದ ಜೀಪು ಇದೇ. ಅದನ್ನು ಹೇಳಬಲ್ಲ ಏಕೈಕ ಸಾಕ್ಷಿಯನ್ನು ಆಜ್ಞೆಯ ಮೇರೆಗೆ, ನನ್ನದೇ ಕೈಯಿಂದ, ಇನ್ನೊಂದು ತಿರುವಿನಲ್ಲಿ ನಾಶ ಮಾಡುವುದರಲ್ಲಿದ್ದೆ. ಮುಖ್ಯಸ್ಥರಿಗೆ ಇದು ತಿಳಿದಿತ್ತೇ? ತಿಳಿದಿರಲಿಲ್ಲವೆಂದೇ ನನ್ನ ನಂಬಿಕೆ. ಫಲಕವನ್ನು ಓದಿದ್ದರೇ ಹೊರತು ನೋಡಿರಲಿಲ್ಲ. ಅದು ಕ್ಷಮೆಗೆ ಕಾರಣವೆಂದು ನಾನು ಒಪ್ಪುವುದಿಲ್ಲ; ನೋಡುವುದಕ್ಕೇ ಅವರನ್ನು ಕರೆಸಿದ್ದು.

ಆದರೆ ಫಲಕವನ್ನು ಬಿಚ್ಚದೆಯೂ ಇರುವಂತಿರಲಿಲ್ಲ. ಅದರ ಹಿಂದೆ ಏನಿದೆ ಎಂಬುದೇ ಅದನ್ನು ಯಾವಾಗ ಕೂರಿಸಿದರೆಂದು ಹೇಳಬೇಕಿತ್ತು. ಒಂದು ಸಾಕ್ಷಿಯನ್ನು ಓದಲು ಇನ್ನೊಂದನ್ನು ಮುರಿಯಬೇಕು. ಹಾಗಾದರೆ ಎಲ್ಲರ ಕಣ್ಣೆದುರು ಮುರಿಯಬೇಕು. ಮುಖ್ಯಸ್ಥರಿಗೆ ಫೋನ್ ಮಾಡಿ, ನೀವು, ಮಾಲೀಕರು, ಕೊಳ್ಳುವವರ ಪರೀಕ್ಷಕ, ಚಾಲಕರು ಇಷ್ಟೂ ಜನ ನಿಲ್ಲದೆ ನಾನು ಫಲಕ ಮುಟ್ಟುವುದಿಲ್ಲ ಎಂದೆ.

“ನೀನು ಆರ್ಡರ್ ಫಾಲೋ ಮಾಡ್ತಿಲ್ಲ, ಗೊತ್ತಾಗ್ತಿದೆಯಾ?”

“ಗೊತ್ತಾಗ್ತಿದೆ ಸರ್.”

“ಒಂದು ಪ್ಲೇಟಿಗೆ ನಾನು ಗೋರೆಗಾಂವ್‌ವರೆಗೆ ಬರಬೇಕಾ?”

“ಒಬ್ಬರು ಅದೇ ಪ್ಲೇಟಿಗೆ ಜೈಲಿನವರೆಗೆ ಹೋಗ್ತಾರೆ.”

ಎರಡು ದಿನ ಯಾರೂ ಬರಲಿಲ್ಲ. ಆ ಎರಡು ದಿನವೂ ಚಾಲಕರು ಜೀಪಿನ ಮೇಲೆ ತಾಡಪಾಲು ಹೊದಿಸಿ ಕಾವಲು ಕುಳಿತರು. ಬಣ್ಣದ ಒಂದು ಹನಿಗೆ ಕಾವಲು ಕಾಯುವುದು ತಮ್ಮ ಜನ್ಮದಲ್ಲಿ ಇದೇ ಮೊದಲು ಎಂದರು. ಮೂರನೆಯ ದಿನ ಎಲ್ಲರೂ ಬಂದರು. ಮಾಲೀಕರಿಗೆ ಅಷ್ಟರಲ್ಲಿ ಬೇಸರ ಬಂದಿತ್ತು: “ಬೇಗ ಮುಗಿಸಿ ಮಾರಾಯ್ರೆ, ನನಗೆ ಸ್ಕೂಲ್ ಬಸ್ಸನ್ನು ಕಳಿಸ್ಲಿಕ್ಕುಂಟು.”

ಹಳೆಯ ಫೋಟೊವನ್ನು ಲ್ಯಾಪ್‌ಟಾಪಿನಲ್ಲಿ ತೆರೆದಿಟ್ಟೆ. ಅದೇ ಕೋನದಿಂದ ಹೊಸದೊಂದನ್ನು ತೆಗೆದು ಪಕ್ಕದಲ್ಲಿರಿಸಿದೆ. ಯಾರೂ ಏನೂ ಹೇಳುವ ಮೊದಲೇ ಕೊಳ್ಳುವವರ ಪರೀಕ್ಷಕನ ಕೈಗೆ ಟಾರ್ಚು ಕೊಟ್ಟೆ. ಅವನಿಗೆ ಈ ಜಗಳದಲ್ಲಿ ಯಾರ ಪಕ್ಷವೂ ಬೇಕಿರಲಿಲ್ಲ. ಪರದೆಗೂ ಡ್ಯಾಶ್‌ಬೋರ್ಡಿಗೂ ನಡುವೆ ಹಲವು ಸಲ ಓಡಾಡಿದ.

“ವಹೀ ಹೈ,” ಎಂದ. ಅದೇ ಜೀಪು. “ಗಾಡೀ ಬದಲೀ ನಹೀ.”

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿಕೊಂಡರು. “ಒಂದೇ ತರಹ ಎರಡು ಡ್ರಿಪ್ ಬೀಳಬಹುದು,” ಎಂದರು.

“ಒಂದೇ ಕೊಕ್ಕೆಯ ಹಾಗಾ ಸರ್?” ಎಂದೆ.

ಆಮೇಲೆ ಬ್ಲೇಡಿನಿಂದ ಫಲಕದ ಅಂಚಿನಗುಂಟ ಬಣ್ಣವನ್ನು ಕೊಯ್ದು, ತಿರುಪುಗಳನ್ನು ಒಂದೊಂದಾಗಿ ಬಿಚ್ಚಿ, ಫಲಕವನ್ನು ಎತ್ತಿದೆ. ಅದರ ಹಿಂದೆ ಬರಿಯ ಕಬ್ಬಿಣವಾಗಲಿ ಕಾರ್ಖಾನೆಯ ಬಣ್ಣವಾಗಲಿ ಇರಲಿಲ್ಲ. ಅಂಗೈಯಗಲದ ಆಯತದಲ್ಲಿ, ಬಿಸಿಲು ತಾಗದೆ ಹೊಸದರ ಹಾಗೆ ಹೊಳೆಯುವ ಕಡುನೀಲಿ. ಯುದ್ಧದ ಕಾಲದಲ್ಲಿ ಕೂರಿಸಿದ ಫಲಕದ ಹಿಂದೆ ಸಿನಿಮಾ ಪೊಲೀಸರ ನೀಲಿ ಬರಲು ಸಾಧ್ಯವಿಲ್ಲ. ಜೀಪು ಪೊಲೀಸ್ ಆಗಿದ್ದಾಗ ಈ ಫಲಕ ಇರಲಿಲ್ಲ. ಮಿಲಿಟರಿ ಆಗುವ ದಿನ ಮೊದಲು ಫಲಕ ಬಿಗಿದರು, ಅದರ ಸುತ್ತ ಹಸಿರು ಹೊಡೆದರು, ತೊಟ್ಟು ಜಾರಿತು. ಬಹಳ ಕಾಲದ ನಂತರ ನಮ್ಮ ಮುಖ್ಯಸ್ಥರು ಬಂದು ಓದಿದರು.

ಚಾಲಕರು ಹಿಂದಿನಿಂದ ಇಣುಕಿದರು.

“ಹುಡುಕತಿದ್ರಲ್ಲ ಸಾಹೇಬ್ರ,” ಎಂದರು, ದನಿ ಏರಿಸದೆ. “ಸಿಕ್ತು ನೋಡ್ರಿ. ಪೊಲೀಸ್ ಗಾಡಿ.”

ಪರೀಕ್ಷಕ ಮಾತ್ರ ನಕ್ಕ. ಮಾಲೀಕರು ಶಾಲಾ ಬಸ್ಸಿನ ಕಡೆ ನಡೆದರು.

ನನ್ನ ವರದಿಯ ಮೊದಲ ಸಾಲು ಹೀಗಿತ್ತು: ‘ವಾಹನವನ್ನು ಯಾರೂ ಬದಲಿಸಿಲ್ಲ, ನಮ್ಮ ಸಂಸ್ಥೆ ಕೊಟ್ಟ ಮೊದಲ ವರದಿ ತಪ್ಪು.’ ಮುಖ್ಯಸ್ಥರು ಕರಡನ್ನು ತಿದ್ದಿ ಮರಳಿಸಿದಾಗ ಆ ಸಾಲು ಇರಲಿಲ್ಲ. ತಾಂತ್ರಿಕ ವಿವರಗಳೆಲ್ಲ ಅಚ್ಚುಕಟ್ಟಾಗಿ ಉಳಿದಿದ್ದವು. ಇಂಧನದ ಕೊಳವೆ, ಬೆಸೆದ ಬಾಗಿಲು, ಬಲದಂಡದ ತೂತುಗಳು. ಯಾರು ತಪ್ಪಿದರು ಎಂಬುದೊಂದು ಮಾತ್ರ ಹಾರಿಹೋಗಿತ್ತು.

“ಓದಿದವರಿಗೆ ಅರ್ಥ ಆಗ್ತದೆ,” ಎಂದರು.

“ಠಾಣೆಯವರಿಗೆ ಅರ್ಥ ಮಾಡಿಕೊಳ್ಳುವ ಕೆಲಸ ಉಳಿಸಬಾರದು ಸರ್. ಹೋದ ಸಲ ಅವರು ಅರ್ಥ ಮಾಡಿಕೊಂಡದ್ದು ನೋಡಿದ್ದೇವೆ.”

“ಇದು ನನ್ನ ಹೆಸರಿನ ಪ್ರಶ್ನೆ.”

“ಅವರಿಗೂ ಹೆಸರಿದೆ.”

ಆ ಸಾಲು ಇಲ್ಲದ ವರದಿಗೆ ನನ್ನ ಸಹಿ ಇರುವುದಿಲ್ಲ. ಎರಡೂ ಫೋಟೊ ಹಿಡಿದು ನಾನೇ ಠಾಣೆಗೆ ಹೋಗಿ ಹೇಳಿಕೆ ಕೊಡುತ್ತೇನೆ ಎಂದೆ. ಸಂಜೆಯವರೆಗೆ ಅವರು ಕೋಣೆಯ ಬಾಗಿಲು ಹಾಕಿಕೊಂಡಿದ್ದರು. ಕೊನೆಗೆ ಸಾಲು ಮರಳಿತು, ಸಹಿ ಬಿತ್ತು, ವರದಿ ಠಾಣೆಗೆ ಹೋಯಿತು. ಮಾಲೀಕರು ದೂರನ್ನು ಹಿಂತೆಗೆದುಕೊಂಡರು. ಕೀಲಿಕೈ ಚಾಲಕರ ಕೈಗೆ ಬಂತು, ಅದೂ ಅಂಗಳದ ಕಾವಲುಗಾರನ ಮೂಲಕ. ಮಾಲೀಕರಾಗಲಿ, ನಮ್ಮ ಮುಖ್ಯಸ್ಥರಾಗಲಿ ಆ ಮನುಷ್ಯನ ಎದುರು ನಿಂತು ಒಂದು ಮಾತು ಹೇಳಲಿಲ್ಲ. ನಾನು ಮೂರು ಸಲ ಕೇಳಿದೆ. ‘ಕೇಸ್ ಕ್ಲೋಸ್ ಆಯ್ತಲ್ಲ’ ಎಂದು ಮುಖ್ಯಸ್ಥರು. ‘ಕೆಲಸಕ್ಕೆ ತಗೊಂಡಿದ್ದೇನಲ್ಲ, ಇನ್ನೆಂತ ಬೇಕು’ ಎಂದು ಮಾಲೀಕರು. ಆರೋಪವನ್ನು ಇಡೀ ಅಂಗಳ ಕೇಳುವ ಹಾಗೆ ಹೊರಿಸಿದವರು, ಅದನ್ನು ಇಳಿಸುವಾಗ ಕಾಗದದ ಮರೆಗೆ ಸರಿಯುವುದು ಇಲ್ಲಿ ಸಹಜವೆನಿಸಿಕೊಂಡಿದೆ. ನಾನು ಅದನ್ನು ಸಹಜವೆಂದು ಒಪ್ಪಲಾರೆ.

ಕೆಲವು ವಾರಗಳ ನಂತರ ಬೇರೊಂದು ಕೆಲಸಕ್ಕೆ ಗೋರೆಗಾಂವ್‌ಗೆ ಹೋದಾಗ ಅಂಗಳದ ಒಳಗೆ ಹೊಕ್ಕೆ. ಜೀಪು ಬಿಳಿಯಾಗಿತ್ತು. ಯಾವುದೋ ಜಾಹೀರಾತಿಗೆ ಹಳ್ಳಿಯ ಡಾಕ್ಟರರ ಗಾಡಿಯಂತೆ. ಅದರ ಹೊಸ ಹೆಸರು ‘ಡಾಕ್ಟರ್’. ಒಳಗೂ ಬಿಳಿ, ಡ್ಯಾಶ್‌ಬೋರ್ಡೂ ಬಿಳಿ. ನಡುವೆ ಒಂದು ಕಡೆ ಮಾತ್ರ ಹಳೆಯ ಕನ್ನಡ ಪತ್ರಿಕೆಯ ತುಂಡೊಂದನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಅಂಟಿಸಿದ್ದರು. ಅದರ ಮೇಲೆ ಬಿಳಿ ಹನಿಗಳು ಸಿಡಿದಿದ್ದವು. ಚಾಲಕರು ಬಂದು ಟೇಪಿನ ಒಂದು ಮೂಲೆಯನ್ನು ಉಗುರಿನಿಂದ ಎತ್ತಿ ತೋರಿಸಿದರು. ಕೆಳಗೆ ನೀಲಿ ಹಾಗೆಯೇ ಇತ್ತು.

“ಪೇಂಟರ್ ಕೇಳಿದಾ, ಇದನ್ಯಾಕ ಬಿಡಬೇಕು ಅಂತ,” ಎಂದರು.

“ನೀವೇನಂದಿರಿ?”

ಅವರು ಟೇಪನ್ನು ಮತ್ತೆ ಒತ್ತಿ, ಹೆಬ್ಬೆರಳಿನಿಂದ ನೀವಿ ಕೂರಿಸಿದರು.

“ಯಾರರ ಒಬ್ರು ಬಂದು, ತಪ್ಪಾತಪ್ಪಾ ಅಂತ ನನ್ನ ಮುಖ ನೋಡಿ ಅನ್ಲಿ. ಅವತ್ತ ಬಣ್ಣ ಹೊಡಿ ಅಂದೆ.”